ಬೀಡಿ ಬಿಡೋಣ, ಮಾತ್ರೆ ಬಿಡದಿರೋಣ

(ವ್ಯಸನಮುಕ್ತ ದಿನಾಚರಣೆಯ ಅಂಗವಾಗಿ, ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೋಗಿಗಳು ಹಾಗೂ ಅವರ ಬಂಧುಗಳ ಸಭೆಯಲ್ಲಿ ಆಸ್ಪತ್ರೆಯ ಮನೋವೈದ್ಯರು ನೀಡಿದ ಉಪನ್ಯಾಸದ ಬರಹರೂಪ)

 

ಇಂದು ಆಗಸ್ಟ್ 1. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಹುಟ್ಟಿದ ದಿನ. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತೇವೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ಸುತ್ತಿದ ಸ್ವಾಮಿಗಳು ಅವರು. ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. "ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ" ಎಂದು ಕೇಳಿದರು. ಅದೇ ಮಹಾಂತ ಜೋಳಿಗೆ.

ಆ ಜೋಳಿಗೆಗೆ ಕುಡಿತ ಹಾಕಿದವರಿದ್ದಾರೆ, ಬೀಡಿ ಸಿಗರೇಟು ಹಾಕಿದವರಿದ್ದಾರೆ. ಆದರೆ ಒಂದು ವರ್ಗದ ಜನರ ಮುಂದೆ ಮಾತ್ರ ಜೋಳಿಗೆ ಹಿಡಿಯಲು ನಾವು ಹಿಂದೇಟು ಹಾಕುತ್ತೇವೆ. ವೈದ್ಯರೂ ಹಾಕುತ್ತೇವೆ, ಮನೆಯವರೂ ಹಾಕುತ್ತೀರಿ. ಅವರೇ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರು. "ಅವರಿಗೆ ಇದೆಲ್ಲ ಎಲ್ಲಿ ಸಾಧ್ಯ?" ಎಂದು ಸುಮ್ಮನಾಗುತ್ತೇವೆ. ಇಂದು ನಾನು ಅವರ ವಿಷಯವನ್ನೇ ಮಾತನಾಡಲು ನಿಂತಿದ್ದೇನೆ. ಅವರಿಗೂ ಸಾಧ್ಯ. ಆದರೆ ಅದಕ್ಕೊಂದು ಕ್ರಮವಿದೆ, ಒಂದು ಎಚ್ಚರಿಕೆಯಿದೆ. ಎರಡನ್ನೂ ಹೇಳುತ್ತೇನೆ.

ಇದು ಯಾವ ಕಾಯಿಲೆ?

ಹೊಸಬರಿಗಾಗಿ ನಾಲ್ಕು ಮಾತು. ಯಾರೂ ಮಾತನಾಡದಿದ್ದರೂ ಕಿವಿಯಲ್ಲಿ ಮಾತು ಕೇಳಿಸುವುದು, ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ, ಹಿಂಬಾಲಿಸುತ್ತಿದ್ದಾರೆ ಎಂಬ ಬಲವಾದ ಸಂಶಯ, ಒಬ್ಬರೇ ಮಾತನಾಡಿಕೊಳ್ಳುವುದು, ಕೆಲಸದಲ್ಲಿ ಆಸಕ್ತಿ ಹೋಗುವುದು, ಸ್ನಾನ ಬಟ್ಟೆಯ ಪರಿವೆ ಇಲ್ಲದಿರುವುದು, ಮೂಲೆ ಸೇರುವುದು ಇದರ ಲಕ್ಷಣಗಳು. ಗಾಳಿ ಸೋಕಿದ್ದರಿಂದಾಗಲಿ, ಮಾಟದಿಂದಾಗಲಿ, ತಾಯಿ ಸರಿಯಾಗಿ ಸಾಕದಿದ್ದರಿಂದಾಗಲಿ ಇದು ಬರುವುದಿಲ್ಲ. ಇದು ಮಿದುಳಿನ ಕೆಲಸದಲ್ಲಿ ಉಂಟಾಗುವ ಏರುಪೇರು. ಸಕ್ಕರೆ ಕಾಯಿಲೆಯಂತೆ, ರಕ್ತದೊತ್ತಡದಂತೆ ಇದಕ್ಕೂ ಔಷಧವಿದೆ. ಬಹಳ ಜನ ಔಷಧ ತೆಗೆದುಕೊಂಡು ತಮ್ಮ ಪಾಡಿಗೆ ಹೊಲ ಮನೆ ನೋಡಿಕೊಂಡಿದ್ದಾರೆ.

ಇವರೇಕೆ ಇಷ್ಟು ಸೇದುತ್ತಾರೆ?

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಅವರಲ್ಲಿ ಹೆಚ್ಚಿನವರು ಅಗಿಯುವವರು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸೇದುವವರೇ ಹೆಚ್ಚು. ಇಪ್ಪತ್ತು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಂಥ ರೋಗಿಗಳಲ್ಲಿ ನೂರಕ್ಕೆ 62 ಮಂದಿ ಧೂಮಪಾನಿಗಳು. ಚೆನ್ನೈನಲ್ಲಿ ಪುರುಷ ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ನೂರಕ್ಕೆ 38. ನಮ್ಮಲ್ಲಿ ಕಡಿಮೆ ಏಕೆ? ನಮ್ಮ ರೋಗಿಗಳು ಮನೆಯವರ ಜೊತೆ ಇರುತ್ತಾರೆ, ಕೈಯಲ್ಲಿ ದುಡ್ಡು ಕಡಿಮೆ, ಹಿರಿಯರ ಮುಂದೆ ಸೇದಬಾರದೆಂಬ ಅಂಜಿಕೆ ಇದೆ. ಅಂದರೆ ಇದು ಬರೀ ಕಾಯಿಲೆಯಿಂದ ಬರುವ ಚಟವಲ್ಲ. ಸುತ್ತಲಿನ ವಾತಾವರಣಕ್ಕೂ ಇದರಲ್ಲಿ ಪಾಲಿದೆ. ಇದು ನಮಗೆ ಧೈರ್ಯ ಕೊಡುವ ವಿಷಯ.

ಕಾರಣಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ನಿಕೋಟಿನ್. ಬೀಡಿ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಮಿದುಳು ಮುಟ್ಟುತ್ತದೆ. ಮಂಕು ಸ್ವಲ್ಪ ಹೊತ್ತು ಹರಿದಂತೆ, ಗಮನ ಸ್ವಲ್ಪ ನಿಂತಂತೆ ಅನ್ನಿಸುತ್ತದೆ. ಎರಡನೆಯದು, ಕೆಲವು ಮಾತ್ರೆಗಳಿಂದ ಕೈಕಾಲು ಬಿಗಿಯುತ್ತದೆ, ಕುಳಿತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಬೀಡಿ ಸೇದಿದರೆ ಅದು ತುಸು ಕಡಿಮೆಯಾದಂತೆ ಕೆಲವರಿಗೆ ತೋರುತ್ತದೆ. ಇದಕ್ಕೆ ಬೀಡಿ ಔಷಧವಲ್ಲ. ವೈದ್ಯರಿಗೆ ಹೇಳಿದರೆ ಮಾತ್ರೆಯನ್ನು ಬದಲಿಸಿಕೊಡುತ್ತಾರೆ, ಇಲ್ಲವೇ ಬಿಗಿತಕ್ಕೆ ಬೇರೆ ಮಾತ್ರೆ ಕೊಡುತ್ತಾರೆ. ಮೂರನೆಯದು ಹೊತ್ತು ಹೋಗದಿರುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತವನಿಗೆ ಬೀಡಿ ಹಚ್ಚುವುದೇ ಒಂದು ಕೆಲಸ.

ನಾಲ್ಕನೆಯ ಕಾರಣ ನಾವೇ. ನನ್ನಿಂದಲೇ ಆರಂಭಿಸುತ್ತೇನೆ. ಹಿಂದೆ ನಾನು ಕೆಲಸ ಕಲಿತ ಒಂದು ವಾರ್ಡಿನಲ್ಲಿ ಸ್ನಾನ ಮಾಡಿದರೆ ಒಂದು ಬೀಡಿ, ಮಾತ್ರೆ ನುಂಗಿದರೆ ಒಂದು ಬೀಡಿ ಎಂಬ ಪದ್ಧತಿ ಇತ್ತು. ಗಲಾಟೆ ಮಾಡಿದರೆ ಬೀಡಿ ಕಟ್. ನಾನೂ ನನ್ನ ಕೈಯಾರೆ ಕೊಟ್ಟಿದ್ದೇನೆ. ಸೇದದವನಾಗಿ ಒಳಗೆ ಬಂದು, ಸೇದುವವನಾಗಿ ಮನೆಗೆ ಹೋದವರನ್ನು ನೋಡಿದ್ದೇನೆ. ಆಗ ಅದು ತಪ್ಪೆಂದು ನನಗೆ ಅನ್ನಿಸಿರಲಿಲ್ಲ. ಇಂದು ಅನ್ನಿಸುತ್ತದೆ. ಮನೆಗಳಲ್ಲೂ ಇದೇ ನಡೆಯುತ್ತದೆ. ಮಗ ರೇಗಾಡಿದರೆ ಪೆಟ್ಟಿಗೆ ಅಂಗಡಿಗೆ ಹೋಗಿ ಬೀಡಿ ಕಟ್ಟು ತಂದು ಕೈಗಿಡುತ್ತೇವೆ. ರೇಗಿದರೆ ಬೀಡಿ ಸಿಗುತ್ತದೆ ಎಂದು ಅವನಿಗೆ ಕಲಿಸಿದವರು ನಾವೇ.

"ಇರೋದೊಂದೇ ಸುಖ"

ಬೀಡಿ ಬಿಡಿಸೋಣ ಎಂದರೆ ತಾಯಂದಿರು ನನಗೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಡಾಕ್ಟ್ರೇ, ಮದುವೆ ಇಲ್ಲ, ಮಕ್ಕಳಿಲ್ಲ, ಅವ್ನಿಗಿರೋದು ಅದೊಂದೇ ಸುಖ. ಅದನ್ನೂ ಕಿತ್ಕೊಳ್ಳೋದಾ?"

ಈ ಮಾತಿನಲ್ಲಿ ಕರುಣೆ ಇದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಮೂರು ವಿಷಯ ಯೋಚಿಸಿ ನೋಡಿ.

ಒಂದು, ಆಯುಸ್ಸು. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ ಸರಾಸರಿ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರಲ್ಲಿ ಹೆಚ್ಚಿನವರು ಸಾಯುವುದು ಮನೋರೋಗದಿಂದಲ್ಲ. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕಾಯಿಲೆ, ಸೋಂಕು, ಇಂಥವುಗಳಿಂದ. ಇವುಗಳಲ್ಲಿ ಬಹುಪಾಲಿಗೆ ಹೊಗೆಯೇ ದೊಡ್ಡ ಕಾರಣ. ಇಪ್ಪತ್ತು ವರ್ಷ ಮಾತ್ರೆ ಕೊಟ್ಟು, ಬಸ್ಸು ಹತ್ತಿ ಇಳಿದು, ಸಾಲ ಮಾಡಿ ಕಾಪಾಡಿದ ಮಗ ನಲವತ್ತೈದಕ್ಕೆ ಎದೆ ನೋವಿನಿಂದ ಹೋದರೆ? ಬೀಡಿ ಚಿಕ್ಕದು, ಅಪಾಯವೂ ಚಿಕ್ಕದು ಎಂದು ತಿಳಿಯಬೇಡಿ. ಎಲೆಯಲ್ಲಿ ಸುತ್ತಿದ ಬೀಡಿ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಟಾರು, ವಿಷಾನಿಲ ಸಿಗರೇಟಿಗಿಂತ ಕಡಿಮೆಯೇನೂ ಒಳಗೆ ಹೋಗುವುದಿಲ್ಲ.

ಎರಡು, ದುಡ್ಡು. ಒಂದು ಕಟ್ಟಿಗೆ 30 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಕಟ್ಟಾದರೆ ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ. ಅಂಗವಿಕಲರ ಮಾಸಾಶನ ಬಂದ ದಿನವೇ ಬೀಡಿ ಅಂಗಡಿಯ ಸಾಲಕ್ಕೆ ಹೋಗುವ ಮನೆಗಳನ್ನು ನಾನು ಬಲ್ಲೆ.

ಮೂರು, ಅದು ನಿಜವಾಗಿ ಸುಖವೇ? ನಿಕೋಟಿನ್ ರಕ್ತದಲ್ಲಿ ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದ ಕೂಡಲೇ ಚಡಪಡಿಕೆ. ಮತ್ತೊಂದು ಬೀಡಿ ಹಚ್ಚಿದರೆ ಚಡಪಡಿಕೆ ನಿಲ್ಲುತ್ತದೆ. ಬೀಡಿಯೇ ತಂದ ನೋವನ್ನು ಬೀಡಿಯೇ ಇಳಿಸುತ್ತದೆ, ಅದನ್ನು ನಾವು ಸುಖವೆಂದು ಕರೆಯುತ್ತೇವೆ. ಧೂಮಪಾನ ಬಿಟ್ಟವರಲ್ಲಿ ಆತಂಕ, ಖಿನ್ನತೆ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಸೇರಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಮನೋರೋಗ ಇದ್ದವರಲ್ಲೂ ಇದು ಹೀಗೆಯೇ ಕಂಡಿದೆ.

ಹೊಗೆಗೂ ಮಾತ್ರೆಗೂ ಇರುವ ನಂಟು

ಈಗ ಇಂದಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ದಯವಿಟ್ಟು ಗಮನವಿಟ್ಟು ಕೇಳಿ.

ಇಬ್ಬರು ಮೂವರ ಅನುಭವವನ್ನು ಸೇರಿಸಿ ಒಬ್ಬನ ಕಥೆಯಾಗಿ ಹೇಳುತ್ತೇನೆ. ಯಾರೆಂದು ಗುರುತು ಹಿಡಿಯಲು ಹೋಗಬೇಡಿ. ಅರಕಲಗೂಡು ಕಡೆಯ ಮೂವತ್ತೈದರ ಯುವಕ. ದಿನಕ್ಕೆ ಎರಡು ಕಟ್ಟು ಬೀಡಿ. ಕ್ಲೋಜಪಿನ್ ಮಾತ್ರೆಯಲ್ಲಿ ಐದಾರು ವರ್ಷದಿಂದ ಚೆನ್ನಾಗಿದ್ದ. ಒಂದು ಕಾರ್ತಿಕದಲ್ಲಿ ಊರಿನ ಹುಡುಗರ ಜೊತೆ ಅಯ್ಯಪ್ಪನ ಮಾಲೆ ಹಾಕಿದ. 41 ದಿನದ ವ್ರತ. ಒಂದೇ ದಿನದಲ್ಲಿ ಬೀಡಿ ಬಿಟ್ಟ. ಮನೆಯವರಿಗೆ ಎಲ್ಲಿಲ್ಲದ ಸಂತೋಷ.

ಎರಡನೇ ವಾರಕ್ಕೆ ದಿಂಬು ನೆನೆಯುವಷ್ಟು ಜೊಲ್ಲು. ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಎದ್ದರೆ ತೂರಾಡುತ್ತಿದ್ದ. ನಾಲ್ಕು ದಿನ ಮಲವಿಸರ್ಜನೆ ಇಲ್ಲ. ತಾಯಿ ಹೆದರಿ, "ಮಾತ್ರೆ ಜಾಸ್ತಿಯಾಗೈತೆ" ಎಂದುಕೊಂಡು ಪೂರ್ತಿ ನಿಲ್ಲಿಸಿಬಿಟ್ಟರು. ಆಕೆಯ ಊಹೆ ಅರ್ಧ ನಿಜವೇ ಆಗಿತ್ತು. ಆದರೆ ಹತ್ತು ದಿನದಲ್ಲಿ ಕಿವಿಯ ಮಾತುಗಳು ಮರಳಿ ಬಂದವು. ರಾತ್ರಿ ಮನೆ ಬಿಟ್ಟು ಹೊಳೆ ಕಡೆ ನಡೆದ. ಪುಣ್ಯಕ್ಕೆ ಊರವರು ಕಂಡು ಕರೆತಂದರು.

ಆಸ್ಪತ್ರೆಗೆ ಬಂದಾಗ ನಾನು ಕೇಳಿದೆ: "ಈಚೆಗೆ ಏನಾದರೂ ಬದಲಾಗಿತ್ತಾ ತಾಯಿ?" ಆಕೆ ಹೇಳಿದ್ದು: "ಏನೂ ಇಲ್ಲ ಸ್ವಾಮಿ. ಒಳ್ಳೇದೇ ಆಗಿತ್ತು, ಬೀಡಿ ಬಿಟ್ಟಿದ್ದ."

ಚೀಟಿ ತೆಗೆದು ನೋಡಿದೆ. ಐದು ವರ್ಷದ ಮಾತ್ರೆಯ ಲೆಕ್ಕ ನನ್ನ ಕೈಬರಹದಲ್ಲಿ ಇತ್ತು. ಬೀಡಿಯ ಲೆಕ್ಕ ಒಂದು ದಿನವೂ ಬರೆದಿರಲಿಲ್ಲ. ನಾನು ಕೇಳಿರಲೇ ಇಲ್ಲ. ತಪ್ಪು ಆ ತಾಯಿಯದಲ್ಲ, ನನ್ನದು.

ಆಗಿದ್ದೇನು? ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಔಷಧಗಳನ್ನು ಕರಗಿಸಿ ಹೊರಗೆ ಕಳುಹಿಸುವ ಕಾರ್ಖಾನೆ. ಅಲ್ಲಿ ಕೆಲಸಗಾರರಂತೆ ಹಲವು ಕಿಣ್ವಗಳಿವೆ. ಬೀಡಿ ಸಿಗರೇಟಿನ ಹೊಗೆಯಲ್ಲಿರುವ ಟಾರಿನ ಕೆಲವು ಅಂಶಗಳು ಒಂದು ಜಾತಿಯ ಕಿಣ್ವವನ್ನು ಹೆಚ್ಚಿಸುತ್ತವೆ. ಕ್ಲೋಜಪಿನ್, ಒಲಾಂಜಪಿನ್ ಎಂಬ ಮಾತ್ರೆಗಳನ್ನು ಕರಗಿಸುವುದು ಅದೇ ಕಿಣ್ವ. ಹಾಗಾಗಿ ಸೇದುವವರ ದೇಹದಲ್ಲಿ ಈ ಮಾತ್ರೆಗಳು ಬೇಗ ಖರ್ಚಾಗುತ್ತವೆ. ವೈದ್ಯರು ಅದಕ್ಕೆ ತಕ್ಕಂತೆ ಹೆಚ್ಚು ಪ್ರಮಾಣ ಕೊಟ್ಟಿರುತ್ತಾರೆ. ಬೀಡಿ ನಿಂತಿತೆನ್ನಿ, ಕೆಲವೇ ದಿನಗಳಲ್ಲಿ ಹೆಚ್ಚುವರಿ ಕೆಲಸಗಾರರು ಕೆಲಸ ಬಿಡುತ್ತಾರೆ. ಮಾತ್ರೆ ಅಷ್ಟೇ ನುಂಗಿದರೂ ರಕ್ತದಲ್ಲಿ ಔಷಧ ಏರುತ್ತಾ ಹೋಗುತ್ತದೆ. ಕ್ಲೋಜಪಿನ್ ಆದರೆ ಒಂದು ವಾರದಲ್ಲಿ ಒಂದೂವರೆ ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಆಗಬಹುದು. ಜೊಲ್ಲು, ಮಂಪರು, ತಲೆಸುತ್ತು, ಮಲಬದ್ಧತೆ, ಬಹಳ ಏರಿದರೆ ಫಿಟ್ಸ್. ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವವರು ಬೀಡಿ ಬಿಡುವ ವಾರದಲ್ಲೇ ವೈದ್ಯರು ಪ್ರಮಾಣವನ್ನು ಹಂತ ಹಂತವಾಗಿ ಇಳಿಸಬೇಕಾಗುತ್ತದೆ. ರಿಸ್ಪೆರಿಡೋನ್‌ನಂಥ ಮಾತ್ರೆಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ.

ನಾಲ್ಕು ಮಾತು ನೆನಪಿಡಿ.

ಒಂದು, ಈ ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಆದ್ದರಿಂದ ಬೀಡಿ ಬಿಟ್ಟು ನಿಕೋಟಿನ್ ಗಮ್ ಹಿಡಿದರೂ ಮಾತ್ರೆಯ ಪ್ರಮಾಣ ನೋಡಬೇಕು.

ಎರಡು, ದಿನಕ್ಕೆ ಹತ್ತು ಸಿಗರೇಟು ಸೇದಿದರೂ ಕಿಣ್ವ ಹೆಚ್ಚಲು ಸಾಕು. ನಲವತ್ತರಿಂದ ಇಪ್ಪತ್ತಕ್ಕೆ ಇಳಿದಾಗ ಏನೂ ತಿಳಿಯದಿರಬಹುದು. ಕೊನೆಯ ಹತ್ತನ್ನು ಬಿಡುವಾಗ ಎಚ್ಚರವಿರಲಿ.

ಮೂರು, ಬಿಟ್ಟವರು ಮತ್ತೆ ಹಿಡಿದರೆ ಔಷಧ ರಕ್ತದಲ್ಲಿ ಇಳಿಯುತ್ತದೆ, ಕಾಯಿಲೆ ಮರುಕಳಿಸಬಹುದು. ಅದನ್ನೂ ಮುಚ್ಚಿಡದೆ ಹೇಳಿ.

ನಾಲ್ಕು, ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನು ಒಮ್ಮೆಗೇ ನುಂಗಿಸಬೇಡಿ. ಅತಿ ಕಡಿಮೆಯಿಂದ ಮತ್ತೆ ಆರಂಭಿಸಬೇಕು. ವೈದ್ಯರ ಬಳಿಗೆ ಬನ್ನಿ.

ಮಾಲೆ ಹಾಕುವಾಗ, ಶ್ರಾವಣ ಹಿಡಿಯುವಾಗ, ಬೇರೆ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಾಗ ಬೀಡಿ ಹಠಾತ್ತಾಗಿ ನಿಲ್ಲುತ್ತದೆ. ವ್ರತ ಬೇಡ ಎನ್ನುತ್ತಿಲ್ಲ. 41 ದಿನ ಬೀಡಿ ಮುಟ್ಟದವನಿಗೆ ಬಿಡುವ ಶಕ್ತಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ವ್ರತ ಹಿಡಿಯುವ ಮುನ್ನ ವೈದ್ಯರಿಗೆ ಒಂದು ಮಾತು ಹೇಳಿ ಎಂದಷ್ಟೇ ನನ್ನ ವಿನಂತಿ.

ಬಿಡುವ ಕ್ರಮ

1. ಕಾಲ ನೋಡಿ. ಕಾಯಿಲೆ ಹತೋಟಿಯಲ್ಲಿದ್ದು, ಈಚೆಗೆ ಮಾತ್ರೆ ಬದಲಾಗದೆ ಇರುವ ಸಮಯ ಒಳ್ಳೆಯದು. ಆದರೆ ಒಳ್ಳೆಯ ಕಾಲ ಬರಲಿ ಎಂದು ವರ್ಷಗಟ್ಟಲೆ ಕಾಯಬೇಡಿ.

2. ಲೆಕ್ಕ ಬರೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ದಿನಕ್ಕೆ ಎಷ್ಟು ಬೀಡಿ ಎಂದು ಬರೆಯಿರಿ. ಎದ್ದ ಕೂಡಲೇ ಸೇದುತ್ತಾರಾ, ಊಟದ ಮೇಲಾ, ಬೇಜಾರಾದಾಗಲಾ ಎಂದೂ ಗುರುತು ಮಾಡಿ.

3. ಆ ಲೆಕ್ಕದೊಂದಿಗೆ ವೈದ್ಯರ ಬಳಿ ಬನ್ನಿ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತನ್ನಿ. ಯಾವ ಮಾತ್ರೆ ಎಷ್ಟು ಇಳಿಸಬೇಕೆಂದು ಬರೆದುಕೊಡುತ್ತೇವೆ. ನೀವಾಗಿ ಇಳಿಸಬೇಡಿ.

4. ದಿನ ಗೊತ್ತು ಮಾಡಿ. ಒಂದೇ ದಿನ ಬಿಡಲಾಗದವರು ವಾರ ವಾರ ಕಡಿಮೆ ಮಾಡುತ್ತಾ ಬಂದು ಬಿಡಬಹುದು. ದಿನ ಗೊತ್ತು ಮಾಡುವವರು ರೋಗಿಯೇ ಆಗಿರಬೇಕು. ಅಣ್ಣನೋ ಭಾವನೋ ಅಲ್ಲ.

5. ಔಷಧದ ಸಹಾಯ ಪಡೆಯಿರಿ. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿ, ವೆರೆನಿಕ್ಲಿನ್ ಎಂಬ ಮಾತ್ರೆ ಇವೆ. ಗಮ್ಮನ್ನು ಚೂಯಿಂಗ್ ಗಮ್‌ನಂತೆ ಸತತ ಅಗಿಯಬಾರದು. ನಿಧಾನವಾಗಿ ನಾಲ್ಕಾರು ಸಲ ಅಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಚುರುಕು ಕಡಿಮೆಯಾದಾಗ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಗಮ್ಮಿಗೆ ಕಾಲು ಗಂಟೆ ಮೊದಲು ಕಾಫಿ ಟೀ ಬೇಡ. ಬುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆಯಿದೆ. ಅದು ಫಿಟ್ಸ್ ಸಾಧ್ಯತೆ ಹೆಚ್ಚಿಸುವುದರಿಂದ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಕೊಡಲು ನಾವು ಹಿಂಜರಿಯುತ್ತೇವೆ.

6. ಕೈಗೂ ಬಾಯಿಗೂ ಕೆಲಸ ಕೊಡಿ. ಸೋಂಪು, ಜೀರಿಗೆ, ಲವಂಗ, ಕೊಬ್ಬರಿ ಚೂರು ಜೇಬಿನಲ್ಲಿರಲಿ. ಅಡಿಕೆ ಬೇಡ. ತಂಬಾಕಿಲ್ಲದ ಬರಿ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ.

7. ಮೊದಲ ತಿಂಗಳು ವಾರಕ್ಕೊಮ್ಮೆ ಬನ್ನಿ. ಬರಲಾಗದಿದ್ದರೆ ಫೋನ್ ಮಾಡಿ.

8. ಜಾರಿದರೆ ಬೈಯಬೇಡಿ. ಒಂದು ಬೀಡಿ ಸೇದಿದ ಮಾತ್ರಕ್ಕೆ ಮಾಡಿದ್ದೆಲ್ಲ ನೀರುಪಾಲಾಗುವುದಿಲ್ಲ. ಮಾರನೆಯ ದಿನದಿಂದ ಮತ್ತೆ ಆರಂಭಿಸಿ.

ಫಲ ಎಷ್ಟು ಎಂದು ಪ್ರಾಮಾಣಿಕವಾಗಿ ಹೇಳಬೇಕು. ತೀವ್ರ ಮನೋರೋಗ ಇರುವ 526 ಧೂಮಪಾನಿಗಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶೇಷ ನೆರವು ಪಡೆದವರಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 14 ಮಂದಿ ಬಿಟ್ಟಿದ್ದರು. ಮಾಮೂಲಿ ನೆರವು ಪಡೆದವರಲ್ಲಿ 6 ಮಂದಿ. ಕಡಿಮೆ ಅನ್ನಿಸುತ್ತದೆ. ಆದರೆ ನೆರವು ಕೊಟ್ಟಾಗ ಎರಡು ಪಟ್ಟಿಗಿಂತ ಹೆಚ್ಚಾಯಿತು ಎಂಬುದನ್ನು ನೋಡಿ. 2014ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ವರದಿಯಲ್ಲಿ, ವೆರೆನಿಕ್ಲಿನ್‌ನಿಂದ ಬೀಡಿ ಸಿಗರೇಟು ಬಿಟ್ಟ ರೋಗಿಗಳಿಗೆ ಆ ಮಾತ್ರೆಯನ್ನು ಒಂದು ವರ್ಷದವರೆಗೆ ಮುಂದುವರಿಸಿದಾಗ ನೂರಕ್ಕೆ 60 ಮಂದಿ ಬಿಟ್ಟೇ ಇದ್ದರು. ಹುಸಿಮಾತ್ರೆ ಪಡೆದವರಲ್ಲಿ 19 ಮಂದಿ ಮಾತ್ರ. ಇದರಿಂದ ತಿಳಿಯುವುದೇನೆಂದರೆ ನಮ್ಮ ರೋಗಿಗಳಿಗೆ ಹೆಚ್ಚು ಕಾಲ ನೆರವು ಬೇಕು, ಹಲವು ಸಲ ಪ್ರಯತ್ನ ಬೇಕು.

ಬೀಡಿ ಬಿಟ್ಟ ಸಂಕಟವೋ, ಕಾಯಿಲೆ ಮರುಕಳಿಸಿತೋ?

ಮನೆಯವರಿಗೆ ದೊಡ್ಡ ಗೊಂದಲ ಇದು. ಬೀಡಿ ಬಿಟ್ಟ ಸಂಕಟ ಮೊದಲ ದಿನವೇ ಶುರುವಾಗಿ ಎರಡು ಮೂರನೇ ದಿನಕ್ಕೆ ಜೋರಾಗುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಸಿಡುಕು, ಚಡಪಡಿಕೆ, ನಿದ್ದೆಗೇಡು, ಹಸಿವು, ಬೇಸರ ಇದರ ಲಕ್ಷಣ. ದಿನ ಕಳೆದಂತೆ ಕಡಿಮೆಯಾಗುತ್ತಾ ಹೋಗುವುದೇ ಇದರ ಗುರುತು.

ಕಿವಿಯ ಮಾತು ಮರಳುವುದು, ಹೊಸ ಸಂಶಯ, ಊಟ ಮುಟ್ಟದಿರುವುದು, ಒಬ್ಬನೇ ಮಾತನಾಡಿ ನಗುವುದು, ದಿನ ಕಳೆದಂತೆ ಹೆಚ್ಚುವುದು, ಇವು ಕಾಯಿಲೆಯ ಗುರುತು. ಜೊಲ್ಲು, ಅತಿ ಮಂಪರು, ತೂರಾಟ, ಮಲಬದ್ಧತೆ, ಇವು ಔಷಧ ಏರಿದ ಗುರುತು. ಈ ಎರಡರಲ್ಲಿ ಯಾವುದು ಕಂಡರೂ ಮುಂದಿನ ತಾರೀಕಿಗೆ ಕಾಯದೆ ಬನ್ನಿ. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ, ಸಾಯುವ ಮಾತಾಡಿದರೆ ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

"ಬೀಡಿ ಬದಲು ಕಡ್ಡಿಪುಡಿ ಹಾಕ್ಕೊಂಡ್ರೆ ಆಗಲ್ವಾ?"
ಬೇಡ. ಬಾಯಿಯ ಕ್ಯಾನ್ಸರಿಗೆ ಅದು ನೇರ ದಾರಿ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿದೆ. ಇ-ಸಿಗರೇಟನ್ನು 2019ರಲ್ಲಿ ಇಡೀ ದೇಶದಲ್ಲಿ ನಿಷೇಧಿಸಲಾಗಿದೆ.

"ಬಿಡೋಕೆ ಕೊಡೋ ಮಾತ್ರೆಯಿಂದ ತಲೆ ಇನ್ನೂ ಕೆಡುತ್ತಂತೆ?"
ಹಿಂದೆ ಆ ಭಯ ವೈದ್ಯರಿಗೂ ಇತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರ್ಧದಷ್ಟು ಮಂದಿ ಮನೋರೋಗ ಹತೋಟಿಯಲ್ಲಿದ್ದವರೇ ಆಗಿದ್ದರು. ವೆರೆನಿಕ್ಲಿನ್‌ನಿಂದಾಗಲಿ ನಿಕೋಟಿನ್ ಪಟ್ಟಿಯಿಂದಾಗಲಿ ಮನಸ್ಸಿನ ತೊಂದರೆಗಳು ಹುಸಿಮಾತ್ರೆಗಿಂತ ಗಣನೀಯವಾಗಿ ಹೆಚ್ಚಲಿಲ್ಲ. ಆದರೂ ವೈದ್ಯರ ನಿಗಾ ಬೇಕು.

"ಕಾಫಿ ಕುಡಿಯಬಹುದಾ?"
ಕುಡಿಯಬಹುದು, ಅರ್ಧಕ್ಕಿಳಿಸಿ. ಕಾಫಿಯ ಕೆಫೀನ್ ಕರಗಿಸುವುದೂ ಅದೇ ಕಿಣ್ವ. ಬೀಡಿ ಬಿಟ್ಟ ಮೇಲೆ ಅದೇ ನಾಲ್ಕು ಲೋಟ ಕಾಫಿ ಎಂಟು ಲೋಟದ ಹಾಗೆ ಕೆಲಸ ಮಾಡಬಹುದು. ಎದೆ ಬಡಿತ, ನಿದ್ದೆಗೇಡು ಬರುತ್ತದೆ. ಅದನ್ನು ಕಂಡು ಕಾಯಿಲೆ ತಿರುಗಿತೆಂದು ಗಾಬರಿಯಾಗುತ್ತೀರಿ.

"ದಪ್ಪ ಆಗ್ತಾರಂತೆ?"
ವರ್ಷದಲ್ಲಿ ನಾಲ್ಕೈದು ಕಿಲೋ ಏರಬಹುದು. ಒಲಾಂಜಪಿನ್, ಕ್ಲೋಜಪಿನ್ ಕೂಡ ತೂಕ, ಸಕ್ಕರೆ ಹೆಚ್ಚಿಸುತ್ತವೆ. ಮುದ್ದೆ ಸೊಪ್ಪು ಸಾರು ಇರಲಿ, ಬೇಕರಿ ತಿಂಡಿ ಬೇಡ. ದಿನಾ ಅರ್ಧ ಗಂಟೆ ನಡೆಯಲಿ. ತೂಕ ಏರಿದರೂ ಬಿಟ್ಟದ್ದರಿಂದ ಆಗುವ ಲಾಭವೇ ಹೆಚ್ಚು. ಒಂದು ವರ್ಷ ಬಿಟ್ಟರೆ ಧೂಮಪಾನದಿಂದ ಬರುವ ಹೃದಯಾಘಾತದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ.

"ನಮ್ಮದೇ ಹೊಗೆಸೊಪ್ಪಿನ ಹೊಲ. ಬ್ಯಾರನ್ ಕೆಲಸಕ್ಕೆ ಕಳಿಸಬಹುದಾ?"
ಅರಕಲಗೂಡು, ಹೊಳೆನರಸೀಪುರ ಕಡೆಯವರಿಗೆ ಇದು ಬದುಕಿನ ಪ್ರಶ್ನೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಬೆಳೆಯುವವರನ್ನು ನಾನು ದೂರುವುದಿಲ್ಲ. ಆದರೆ ಒದ್ದೆ ಸೊಪ್ಪು ಮುರಿಯುವಾಗ, ಹೊರುವಾಗ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಹಲವರಿಗೆ ವಾಂತಿ, ತಲೆಸುತ್ತು ಬರುವುದು ಇದರಿಂದಲೇ. ಬೀಡಿ ಬಿಡುತ್ತಿರುವವನನ್ನು ಮೊದಲ ಎರಡು ಮೂರು ತಿಂಗಳು ಸೊಪ್ಪು ಮುರಿಯಲು, ಕೋಲಿಗೆ ಕಟ್ಟಲು, ರಾತ್ರಿ ಬ್ಯಾರನ್ ಕಾಯಲು ಕಳಿಸಬೇಡಿ. ರಾತ್ರಿ ನಿದ್ದೆ ಕೆಟ್ಟರೆ ಈ ಕಾಯಿಲೆ ಕೆರಳುತ್ತದೆ. ದನ, ತೋಟ, ತರಕಾರಿ, ಅಂಥ ಕೆಲಸಕ್ಕೆ ಹಚ್ಚಿ.

ಮನೆಯವರು ಮಾಡಬೇಕಾದದ್ದು

ಬೀಡಿಯನ್ನು ಬಹುಮಾನ ಮಾಡಬೇಡಿ, ಶಿಕ್ಷೆಯನ್ನೂ ಮಾಡಬೇಡಿ. ಬಚ್ಚಿಡುವುದು, ಕಿತ್ತೆಸೆಯುವುದು, ಕೂಡಿಹಾಕುವುದು, ಹೊಡೆಯುವುದು ಬೇಡ. ಅದರಿಂದ ಚಟ ಹೋಗುವುದಿಲ್ಲ, ನಂಬಿಕೆ ಹೋಗುತ್ತದೆ. ಅವನು ಬಿಡುವ ದಿನ ಮನೆಯ ಇತರ ಗಂಡಸರೂ ಬಿಟ್ಟರೆ ಅದಕ್ಕಿಂತ ದೊಡ್ಡ ಔಷಧವಿಲ್ಲ. ಬಿಡಲಾಗದಿದ್ದರೆ ಅವನ ಕಣ್ಣೆದುರು ಸೇದಬೇಡಿ. ಉಳಿದ ದುಡ್ಡನ್ನು ಒಂದು ಡಬ್ಬಿಗೆ ಅವನ ಕೈಯಿಂದಲೇ ಹಾಕಿಸಿ. ತಿಂಗಳ ಕೊನೆಗೆ ಅದರಿಂದ ಏನು ಕೊಳ್ಳಬೇಕೆಂದು ಅವನೇ ಹೇಳಲಿ.

ಎಲ್ಲಕ್ಕಿಂತ ಮುಖ್ಯವಾಗಿ ಕೆಲಸ ಕೊಡಿ. ಕಾಯಕವೇ ಕೈಲಾಸ ಎಂಬ ಮಾತನ್ನು ನಾವು ಗೋಡೆಯ ಮೇಲೆ ಬರೆಸುತ್ತೇವೆ, ಆದರೆ ಈ ಕಾಯಿಲೆ ಬಂದವನ ಕೈಯಿಂದ ಕಾಯಕವನ್ನೇ ಮೊದಲು ಕಸಿಯುತ್ತೇವೆ. ಬೀಡಿ ತೆಗೆದು ಆ ಜಾಗದಲ್ಲಿ ಏನೂ ಇಡದಿದ್ದರೆ ಬೀಡಿಯೇ ವಾಪಸು ಬರುತ್ತದೆ.

ಎಲ್ಲಿ ನೆರವು ಸಿಗುತ್ತದೆ?

ನಮ್ಮ ಹೊರರೋಗಿ ವಿಭಾಗವಲ್ಲದೆ, ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಹೋಗಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲೇ ವಿಚಾರಿಸಿಕೊಳ್ಳಿ. ತಂಬಾಕು ಬಿಡಲು ರಾಷ್ಟ್ರೀಯ ಉಚಿತ ದೂರವಾಣಿ 1800-11-2356. ಮನಸ್ಸಿನ ಯಾವುದೇ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್, ಸಂಖ್ಯೆ 14416. ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಾತನಾಡುವಾಗ ಯಾವ ಮಾತ್ರೆ ನುಂಗುತ್ತಿದ್ದೀರೆಂದು ತಪ್ಪದೆ ಹೇಳಿ.

ಕೊನೆಯ ಮಾತು

ಮಾಲೆ ಹಾಕಿದ ಆ ಯುವಕ ಏನಾದ ಎಂದು ನೀವು ಕೇಳಬಹುದು. ಆಸ್ಪತ್ರೆಯಲ್ಲಿಟ್ಟು ಮಾತ್ರೆಯನ್ನು ಮೊದಲಿನಿಂದ ಶುರುಮಾಡಿದೆವು. ಗುಣವಾಗಿ ಮನೆಗೆ ಹೋದ. ಸಂಕ್ರಾಂತಿ ಕಳೆಯುತ್ತಲೇ ಮತ್ತೆ ಬೀಡಿ ಹಿಡಿದ. ಮರುವರ್ಷ ಶ್ರಾವಣಕ್ಕೆ ಹದಿನೈದು ದಿನ ಮುಂಚೆ ತಾಯಿಯ ಜೊತೆ ಬಂದು, "ಸಾರ್, ಈ ಸಲ ಹೇಳಿ ಬಿಡ್ತೀನಿ" ಎಂದ. ಮಾತ್ರೆ ಹಂತ ಹಂತವಾಗಿ ಇಳಿಸಿದೆವು, ಗಮ್ ಕೊಟ್ಟೆವು. ನಡುವೆ ಎರಡು ಸಲ ಜಾರಿದ, ಎರಡು ಸಲವೂ ಬಂದು ಹೇಳಿದ. ಈಗ ಹಿಂದಿಗಿಂತ ಕಡಿಮೆ ಮಾತ್ರೆಯಲ್ಲಿದ್ದಾನೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುತ್ತಾನೆ. ಕಾಯಿಲೆ ಪೂರ್ತಿ ಹೋಗಿಲ್ಲ, ಮಾತ್ರೆಯೂ ನಿಂತಿಲ್ಲ. ಡಬ್ಬಿಯ ದುಡ್ಡಿನಲ್ಲಿ ತಾಯಿಗೆ ಒಂದು ಸೀರೆ ತಂದಿದ್ದನಂತೆ. ಆಕೆ ಅದನ್ನುಟ್ಟುಕೊಂಡೇ ಆಸ್ಪತ್ರೆಗೆ ಬಂದಿದ್ದರು.

ಅವನ ಚೀಟಿಯಲ್ಲಿ ಈಗ ಮಾತ್ರೆಯ ಪಕ್ಕದಲ್ಲಿ ಬೀಡಿಯ ಲೆಕ್ಕವನ್ನೂ ಬರೆಯುತ್ತೇನೆ. ನಿಮ್ಮ ಚೀಟಿಯಲ್ಲೂ ಬರೆಸಿಕೊಳ್ಳಿ. ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಜೋಳಿಗೆ ಇಲ್ಲಿದೆ. ಇಂದೇ ಹಾಕಲೇಬೇಕೆಂದು ಬಲವಂತವಿಲ್ಲ. ಹಾಕುವ ದಿನ ಹೇಳಿ ಹಾಕಿ, ನಾವು ಜೊತೆಗಿರುತ್ತೇವೆ.